ಸಾಲುಮನೆ: ಇಂಗ್ಲೆಂಡಿನ ಟೆರೇಸ್ ಮತ್ತು ಕರ್ನಾಟಕದ ಲೈನ್ ಮನೆ

ಸಾಲುಮನೆ ಎಂದರೆ ಒಂದೇ ನೇರದಲ್ಲಿ, ಒಂದೇ ಮಾದರಿಯಲ್ಲಿ, ಎಡಬಲದ ಗೋಡೆಗಳನ್ನು ಪಕ್ಕದ ಮನೆಗಳೊಂದಿಗೆ ಹಂಚಿಕೊಂಡು ಕಟ್ಟಿದ ಸಣ್ಣ ವಸತಿಗಳ ಶ್ರೇಣಿ. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಇದಕ್ಕೊಂದು ಖಚಿತ ರೂಪ ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಇಂಗ್ಲೆಂಡಿನ ಕಾರ್ಖಾನೆ ಪಟ್ಟಣಗಳ ಸಾಮಾನ್ಯ ಮನೆಯಾಯಿತು. ಅದೇ ಕಾಲದಲ್ಲಿ ಬ್ರಿಟಿಷ್ ಗಣಿ ಕಂಪನಿಗಳು, ಕಾಫಿ ತೋಟಗಾರರು ಮತ್ತು ರೈಲ್ವೆಯ ಮೂಲಕ ಸಾಲಿನಲ್ಲಿ ಮನೆ ಕಟ್ಟುವ ಈ ಕ್ರಮ ಕರ್ನಾಟಕಕ್ಕೂ ಬಂದು, ಲೈನ್ ಮನೆ ಎಂಬ ಬೇರೆಯೇ ಪ್ರಕಾರವಾಗಿ ನೆಲೆನಿಂತಿತು.

ಪರಿಭಾಷೆ

ಈ ಲೇಖನದಲ್ಲಿ ‘ಟೆರೇಸ್’ ಎಂದರೆ ಇಂಗ್ಲೆಂಡಿನ ಸಾಲುಮನೆ. ಮನೆಯ ಮೇಲಿನ ತಾರಸಿ ಅಲ್ಲ. ‘ಲೈನ್’ ಎಂದರೆ ಗಣಿ, ತೋಟ ಅಥವಾ ಗಿರಣಿಯ ಮಾಲೀಕರು ಕೆಲಸದವರಿಗಾಗಿ ಕಟ್ಟಿಸಿದ ಸಾಲು. ಅದರ ಒಂದೊಂದು ಪಾಲು ‘ಲೈನ್ ಮನೆ’. ಹುಬ್ಬಳ್ಳಿ, ಬೆಳಗಾವಿ ಕಡೆ ಇದಕ್ಕೆ ಹತ್ತಿರವಾದದ್ದು ‘ಚಾಳ’. ಎರಡು ಮನೆಗಳಿಗೆ ಸೇರಿದ ಗೋಡೆಯನ್ನು ಇಲ್ಲಿ ‘ನಡುಗೋಡೆ’ ಎಂದು ಕರೆಯಲಾಗಿದೆ; ಆಸ್ತಿ ಪತ್ರಗಳಲ್ಲಿ ಇದನ್ನೇ ಜಂಟಿ ಗೋಡೆ ಎಂದು ಬರೆಯುತ್ತಾರೆ. ಒಬ್ಬನೇ ಮಾಲೀಕನ ಅಂಗಳದ ಸುತ್ತ ಬಾಡಿಗೆದಾರರ ಮನೆಗಳಿರುವ ವಠಾರ, ದತ್ತಿ ಭೂಮಿಯಲ್ಲಿ ಬೀದಿಯ ಎರಡೂ ಬದಿಗೆ ಮನೆಗಳು ಎದುರುಬದುರಾಗಿ ನಿಂತ ಅಗ್ರಹಾರ, ಎರಡರಲ್ಲೂ ನಡುಗೋಡೆ ಉಂಟು. ಆದರೆ ಅವುಗಳ ಹುಟ್ಟು ಬೇರೆಯಾದ್ದರಿಂದ ಅವುಗಳನ್ನು ಹೋಲಿಕೆಗೆ ಮಾತ್ರ ತೆಗೆದುಕೊಳ್ಳಲಾಗಿದೆ.

ಮೂಲ

ಒಂದೇ ಅಳತೆಯ ಮನೆಗಳನ್ನು ಸಾಲಾಗಿ ಕಟ್ಟಿ ಬಾಡಿಗೆಗೆ ಕೊಡುವುದು ಇಂಗ್ಲೆಂಡಿನಲ್ಲಿ ಮಧ್ಯಯುಗದಿಂದಲೂ ಇತ್ತು. ಯಾರ್ಕ್ ನಗರದ ಲೇಡಿ ರೋ 1316ರದು; ಚರ್ಚಿನ ಅಂಗಳದ ಅಂಚಿನಲ್ಲಿ ಮರದ ಚೌಕಟ್ಟಿನಿಂದ ಕಟ್ಟಿದ ಸಾಲು ಇದು. ವೆಲ್ಸ್ ಪಟ್ಟಣದ ವಿಕರ್ಸ್ ಕ್ಲೋಸ್ ಎಂಬ ಓಣಿಯೂ ಹದಿನಾಲ್ಕನೆಯ ಶತಮಾನದ್ದೇ.

ಸಾಲುಮನೆಗೆ ನಿಯಮದ ಕಟ್ಟು ಬಿದ್ದದ್ದು 1666ರ ಸೆಪ್ಟೆಂಬರಿನಲ್ಲಿ ಲಂಡನ್ ಹೊತ್ತಿ ಉರಿದ ಮೇಲೆ. 1667ರ ಪುನರ್ನಿರ್ಮಾಣ ಕಾಯಿದೆ ಹೊರಗೋಡೆಗಳನ್ನು ಇಟ್ಟಿಗೆ ಇಲ್ಲವೇ ಕಲ್ಲಿನಲ್ಲೇ ಕಟ್ಟಬೇಕೆಂದು ವಿಧಿಸಿತು. ಮನೆಗಳನ್ನು ನಾಲ್ಕು ದರ್ಜೆ ಮಾಡಿ, ಅಂತಸ್ತು ಎಷ್ಟು, ಗೋಡೆ ಎಷ್ಟು ದಪ್ಪ ಎಂಬುದನ್ನೂ ಗೊತ್ತುಪಡಿಸಿತು. ಸಂದಿಗೊಂದಿಗಳಲ್ಲಿ ಏಳುವ ಕೆಳದರ್ಜೆಯ ಮನೆಗೆ ಎರಡೇ ಅಂತಸ್ತು. ಬೆಂಕಿ ಒಂದು ಮನೆಯಿಂದ ಇನ್ನೊಂದಕ್ಕೆ ಹಾರದಂತೆ ತಡೆಯುವುದು ನಡುಗೋಡೆಯ ಮೊದಲ ಕೆಲಸವಾಯಿತು.

ಬೆಂಕಿಯ ನಂತರದ ಈ ಮರುಕಟ್ಟುವಿಕೆಯನ್ನು ವ್ಯಾಪಾರವಾಗಿ ಬೆಳೆಸಿದವರಲ್ಲಿ ನಿಕೊಲಾಸ್ ಬಾರ್ಬನ್ ಹೆಸರಾದವನು. ಜಮೀನ್ದಾರನಿಂದ ನೆಲವನ್ನು ದೀರ್ಘ ಗುತ್ತಿಗೆಗೆ ಪಡೆದು, ಕಿರಿದಾದ ನಿವೇಶನಗಳಾಗಿ ಹೋಳು ಮಾಡಿ, ಬಿಡಿಬಿಡಿಯಾಗಿ ಮಾರುವುದು ಆ ಕಾಲದ ಪದ್ಧತಿ. ಬೀದಿಗೆ ಮುಖ ಮಾಡಿದ ಅಗಲಕ್ಕೆ ಬೆಲೆ ಹೆಚ್ಚು, ಹಿಂದಕ್ಕೆ ಚಾಚಿದ ಆಳಕ್ಕೆ ಕಡಿಮೆ; ಹಾಗಾಗಿ ಮನೆ ಕಿರಿದಾಗಿ ಉದ್ದವಾಯಿತು. ಗುತ್ತಿಗೆಯ ಅವಧಿ ಮುಗಿದ ಮೇಲೆ ಕಟ್ಟಡ ನೆಲದ ಒಡೆಯನಿಗೇ ಸೇರುವುದರಿಂದ, ಅದು ಅವಧಿ ಮುಗಿಯುವವರೆಗೆ ನಿಂತರೆ ಸಾಕೆಂಬ ಧೋರಣೆಯೂ ಬೆಳೆಯಿತು. ಬೀದಿ ಕಡೆಯ ಗೋಡೆಗೆ ಒಳ್ಳೆಯ ಇಟ್ಟಿಗೆ, ಒಳಗೆ ಕಳಪೆ ಇಟ್ಟಿಗೆ ಹಾಕಿದ ಉದಾಹರಣೆಗಳು ಬೇಕಾದಷ್ಟಿವೆ.

ರಚನೆ

ಸಣ್ಣ ಟೆರೇಸಿನ ಸಾಮಾನ್ಯ ಮುಖದಗಲ 12ರಿಂದ 16 ಅಡಿ. ಈ ಅಳತೆ ಬಂದದ್ದು ಮರದಿಂದ. ಅಂತಸ್ತಿನ ಜಂತಿಗಳು ಒಂದು ನಡುಗೋಡೆಯಿಂದ ಇನ್ನೊಂದಕ್ಕೆ ನಡುವೆ ಕಂಬವಿಲ್ಲದೆ ಹಾಯಬೇಕು. ಸುಲಭವಾಗಿ ಸಿಗುವ ತೊಲೆಯ ಉದ್ದವೇ ಮನೆಯ ಅಗಲ. ಕೆಳಗೆ ಎರಡು ಕೋಣೆ, ಮೇಲೆ ಎರಡು ಕೋಣೆ. ಬೀದಿಯ ಬಾಗಿಲು ತೆರೆದರೆ ನೇರ ಮುಂಗೋಣೆ, ಅದರ ಹಿಂದೆ ಅಡುಗೆಯ ಕೋಣೆ, ಎರಡರ ನಡುವೆ ಏಣಿಯಷ್ಟೇ ಕಡಿದಾದ ಮೆಟ್ಟಿಲು. ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಚಿಕ್ಕ ಕೋಣೆಯನ್ನು ಹಿಂಭಾಗಕ್ಕೆ ಒರಗಿಸಿ ಕಟ್ಟುತ್ತಿದ್ದರು. ಹಿತ್ತಲ ತುದಿಯಲ್ಲಿ ಕಕ್ಕಸು ಮತ್ತು ಕಲ್ಲಿದ್ದಲಿನ ಗೂಡು, ಅದರಾಚೆ ಹಿಂದಣ ಓಣಿ.

ನಡುಗೋಡೆ ಕನಿಷ್ಠ ಒಂದು ಇಟ್ಟಿಗೆಯ ಉದ್ದದಷ್ಟು, ಅಂದರೆ ಒಂಬತ್ತು ಅಂಗುಲ ದಪ್ಪ. ಜಂತಿಗಳ ತುದಿ, ಮಾಡಿನ ಅಡ್ಡತೊಲೆ, ಅಗ್ಗಿಷ್ಟಿಕೆ, ಹೊಗೆಗೂಡು ಎಲ್ಲದಕ್ಕೂ ಅದೇ ಆಧಾರ. ಎರಡು ಮನೆಗಳ ಒಲೆಗಳನ್ನು ಒಂದೇ ನಡುಗೋಡೆಗೆ ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿ, ಹೊಗೆನಾಳಗಳನ್ನು ಮೇಲೆ ಒಂದೇ ಗೋಪುರಕ್ಕೆ ಸೇರಿಸುತ್ತಾರೆ. ಮಾಡಿನ ಮೇಲೆ ಹೊಗೆಗೂಡುಗಳು ಲಯಬದ್ಧವಾಗಿ ಕಾಣುವುದು ಇದರಿಂದ. ಬೀದಿಯ ಗೋಡೆಯ ಮೇಲೆ ಭಾರ ಕಡಿಮೆ. ಕೆಲವೆಡೆ ಅದನ್ನು ನಡುಗೋಡೆಗೆ ಸರಿಯಾಗಿ ಹೆಣೆಯದೆ ಬಿಟ್ಟದ್ದರಿಂದ, ಶತಮಾನ ಕಳೆದ ಮೇಲೆ ಅದು ಹೊರಕ್ಕೆ ಉಬ್ಬುವುದು ಈ ಮನೆಗಳ ಪರಿಚಿತ ರೋಗ.

ಕಾಲುವೆ ಮತ್ತು ರೈಲು ಬಂದ ಮೇಲೆ ವೇಲ್ಸಿನ ತೆಳು ಸ್ಲೇಟ್ ಕಲ್ಲು ಎಲ್ಲೆಡೆ ಹೊದಿಕೆಯಾಯಿತು. ಹಗುರವಾದ್ದರಿಂದ ಮಾಡಿನ ಇಳಿಜಾರನ್ನೂ ಮರವನ್ನೂ ಕಡಿಮೆ ಮಾಡಬಹುದಾಗಿತ್ತು. ಸಣ್ಣ ಗುತ್ತಿಗೆದಾರರು ಒಂದು ಬಾರಿಗೆ ನಾಲ್ಕಾರು ಮನೆ ಮಾತ್ರ ಕಟ್ಟುತ್ತಿದ್ದರು. ಉದ್ದನೆಯ ಟೆರೇಸನ್ನು ಹತ್ತಿರದಿಂದ ನೋಡಿದರೆ ಅಲ್ಲಲ್ಲಿ ಇಟ್ಟಿಗೆಯ ಹೆಣಿಗೆ ತುಂಡಾಗಿ ನೆಲದಿಂದ ಮಾಡಿನವರೆಗೆ ಒಂದು ನೇರ ಗೆರೆ ಕಾಣುತ್ತದೆ. ಒಬ್ಬನ ಕೆಲಸ ನಿಂತು ಇನ್ನೊಬ್ಬನದು ಆರಂಭವಾದ ಜಾಗ ಅದು.

ಕಾನೂನು ರೂಪಿಸಿದ ಮುಖ

ಸಣ್ಣ ಟೆರೇಸಿಗೆ ಅಂದ ಕೊಟ್ಟದ್ದು ವಾಸ್ತುಶಿಲ್ಪಿಗಿಂತ ಹೆಚ್ಚಾಗಿ ಕಾನೂನು. 1707ರ ಕಾಯಿದೆ ಲಂಡನ್ನಿನಲ್ಲಿ ಮರದ ಸೂರಂಚನ್ನು ನಿಷೇಧಿಸಿ, ಗೋಡೆಯನ್ನೇ ಮಾಡಿಗಿಂತ ಮೇಲಕ್ಕೆ ಏರಿಸುವಂತೆ ಮಾಡಿತು. 1709ರ ಕಾಯಿದೆ ಕಿಟಕಿಯ ಚೌಕಟ್ಟನ್ನು ಗೋಡೆಯ ಹೊರಮೈಯಿಂದ ನಾಲ್ಕು ಅಂಗುಲ ಒಳಕ್ಕೆ ಸರಿಸಿತು. 1774ರ ಕಾಯಿದೆ ಚೌಕಟ್ಟಿನ ಹೆಚ್ಚಿನ ಭಾಗವನ್ನು ಇಟ್ಟಿಗೆಯ ಹಿಂದೆ ಮರೆಮಾಡಿಸಿತು. ಇವೆಲ್ಲ ಬೆಂಕಿಯ ಭಯದಿಂದ ಬಂದ ನಿಯಮಗಳು. ಆಳದಲ್ಲಿ ಕೂತ ಕಿಟಕಿ, ಅದರ ಸುತ್ತ ಬೀಳುವ ಗಟ್ಟಿ ನೆರಳು ಜಾರ್ಜಿಯನ್ ಬೀದಿಯ ಲಕ್ಷಣವಾಗಿ ಪ್ರಸಿದ್ಧವಾಗಿವೆ. 1774ರ ಕಾಯಿದೆಯ ನಾಲ್ಕನೆಯ ದರ್ಜೆಯ ಮನೆ ಎಂದರೆ 150 ಪೌಂಡಿಗಿಂತ ಕಡಿಮೆ ಬೆಲೆಯ, 350 ಚದರಡಿಗಿಂತ ಕಡಿಮೆ ನೆಲ ಹಿಡಿಯುವ ಮನೆ. ಕೂಲಿಕಾರರ ಟೆರೇಸಿಗೆ ಇದೇ ಅಚ್ಚಾಯಿತು.

ತೆರಿಗೆಗಳ ಕೈವಾಡವೂ ಇತ್ತು. 1696ರಿಂದ 1851ರವರೆಗೆ ಕಿಟಕಿಗಳ ಮೇಲೆ, 1784ರಿಂದ 1850ರವರೆಗೆ ಇಟ್ಟಿಗೆಗಳ ಮೇಲೆ ತೆರಿಗೆಯಿತ್ತು. ಮೊದಲನೆಯದರ ಕಾಟಕ್ಕೆ ಅನೇಕರು ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದರು. ಎರಡನೆಯದನ್ನು ಇಟ್ಟಿಗೆಯ ಲೆಕ್ಕದ ಮೇಲೆ ಹಾಕುತ್ತಿದ್ದರಿಂದ ಕೆಲವರು ಇಟ್ಟಿಗೆಯನ್ನೇ ದೊಡ್ಡದಾಗಿ ಸುಟ್ಟರು.

ಪ್ರಕಾರಗಳು

ಬೆನ್ನುಸಾಲು: ಲೀಡ್ಸ್, ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್ ಮೊದಲಾದ ಕಾರ್ಖಾನೆ ಪಟ್ಟಣಗಳಲ್ಲಿ ಎಡಬಲದ ಗೋಡೆಗಳಷ್ಟೇ ಅಲ್ಲ, ಹಿಂದಿನ ಗೋಡೆಯನ್ನೂ ಇನ್ನೊಂದು ಮನೆಯೊಂದಿಗೆ ಹಂಚಿಕೊಂಡ ಮನೆಗಳು ಎದ್ದವು. ಬೆಳಕು, ಗಾಳಿ ಒಂದೇ ಕಡೆಯಿಂದ ಬರಬೇಕು. ಅಡ್ಡಗಾಳಿ ಎಂಬುದೇ ಇಲ್ಲ. ನೀರಿನ ಪಂಪು, ಕಕ್ಕಸು ಅಂಗಳದಲ್ಲಿ ಹಲವು ಮನೆಗಳಿಗೆ ಸೇರಿ. ಕಾಲರಾ, ವಿಷಮಶೀತಜ್ವರಗಳ ಚರ್ಚೆಯಲ್ಲಿ ಈ ಮನೆಗಳ ಹೆಸರು ಮತ್ತೆ ಮತ್ತೆ ಬಂತು. 1909ರ ಕಾಯಿದೆ ಇವನ್ನು ನಿಷೇಧಿಸಿದರೂ, ಮೊದಲೇ ಅನುಮತಿ ಪಡೆದಿದ್ದ ಯೋಜನೆಗಳ ಆಧಾರದ ಮೇಲೆ ಲೀಡ್ಸಿನಲ್ಲಿ 1937ರವರೆಗೂ ಕಟ್ಟುತ್ತಲೇ ಇದ್ದರು.

ಉಪವಿಧಿ ಟೆರೇಸ್: 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯ ನಂತರ 1877ರಲ್ಲಿ ಮಾದರಿ ಉಪವಿಧಿಗಳು ಹೊರಬಂದವು. ಗಾಡಿ ಹೋಗುವ ಬೀದಿಗೆ 36 ಅಡಿ ಅಗಲ, ಮನೆಯ ಹಿಂದೆ ಕನಿಷ್ಠ 150 ಚದರಡಿ ಬಯಲು, ಗೋಡೆಯ ಬುಡದಲ್ಲಿ ತೇವ ಏರದಂತೆ ಒಂದು ತಡೆಪದರ ಬೇಕೆಂಬುದು ಅವುಗಳ ಸಾರ. ಇಂಗ್ಲೆಂಡಿನ ಉತ್ತರ ಭಾಗದ ಪಟ್ಟಣಗಳಲ್ಲಿ ಇಂದಿಗೂ ಕಾಣುವ ಉದ್ದುದ್ದ ಒಂದೇ ತೆರನ ಬೀದಿಗಳು ಈ ಉಪವಿಧಿಗಳ ಮಕ್ಕಳು.

ಕಂಪನಿ ಟೆರೇಸ್: ಮಾಲೀಕನೇ ತನ್ನ ಕೆಲಸಗಾರರಿಗೆ ಕಟ್ಟಿಸಿದ್ದು. ಗ್ರೇಟ್ ವೆಸ್ಟರ್ನ್ ರೈಲ್ವೆಯ ಸ್ವಿಂಡನ್ ಗ್ರಾಮ 1840ರ ದಶಕದ್ದು. ಬಟ್ಟೆ ಗಿರಣಿಯ ಟೈಟಸ್ ಸಾಲ್ಟ್ 1851ರಲ್ಲಿ ಆರಂಭಿಸಿದ ಸಾಲ್ಟೇರ್ 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕರ್ನಾಟಕದ ಲೈನ್ ಈ ಕವಲಿಗೆ ಸೇರಿದ್ದು. ಆದರೆ ಸಾಲ್ಟೇರಿನ ಕಲ್ಲಿನ ಗೋಡೆಯಾಗಲಿ, ಅಗ್ಗಿಷ್ಟಿಕೆಯಾಗಲಿ ಹಡಗು ಹತ್ತಲಿಲ್ಲ. ಬಂದದ್ದು ಸಾಲು, ನಡುಗೋಡೆ ಮತ್ತು ಕೆಲಸ ಬಿಟ್ಟರೆ ಮನೆ ಬಿಡಬೇಕೆಂಬ ಷರತ್ತು.

ಕರ್ನಾಟಕದ ಲೈನ್: ಕೋಲಾರದ ಚಿನ್ನದ ಗಣಿ

ಮೈಕೇಲ್ ಲವೆಲ್ 1870ರ ದಶಕದಲ್ಲಿ ಗಣಿ ಪರವಾನಗಿ ಪಡೆದ ಪ್ರದೇಶಕ್ಕೆ 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟಿತು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದ ದಲಿತ ಕುಟುಂಬಗಳೇ ಗಣಿಯ ಮುಖ್ಯ ಶ್ರಮಶಕ್ತಿ. ಅವರಿಗೆ ಸಿಕ್ಕಿದ್ದು ತಟ್ಟಿ ಮನೆ: ಬಿದಿರು ಹೆಣೆದ ತಟ್ಟಿಯ ಗೋಡೆ, ಮೇಲೆ ತಟ್ಟಿ ಅಥವಾ ತಗಡು, ತಲೆ ಬಗ್ಗಿಸಿ ಒಳಹೋಗಬೇಕಾದ ಬಾಗಿಲು, ಒಂದೇ ಕೋಣೆ. ಖರ್ಚು ಕಡಿಮೆ, ಬೇಕೆಂದಾಗ ಬಿಚ್ಚಬಹುದು. ಇಟ್ಟಿಗೆಯ ನಡುಗೋಡೆ ಬೆಂಕಿಯನ್ನೂ ಮಾತನ್ನೂ ತಡೆಯುತ್ತಿತ್ತು. ತಟ್ಟಿ ಎರಡನ್ನೂ ತಡೆಯಲಿಲ್ಲ. ನಂತರದ ಸಾಲುಗಳಲ್ಲಿ ಕಲ್ಲು, ಇಟ್ಟಿಗೆ ಬಂದವು. ಕೆನೆಡೀಸ್ ಲೈನ್ ಎಂಬಂಥ ಹೆಸರುಗಳು ಈಗ ಬಡಾವಣೆಯ ಹೆಸರುಗಳಾಗಿ ಉಳಿದಿವೆ.

ಇಲ್ಲಿನ ಕಟ್ಟಡಗಳಿಗೆ ಇಂಗ್ಲೆಂಡ್ ಕಾಣದ ಒಂದು ತೊಂದರೆಯೂ ಇತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೊಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದಾಗ, ಒಳಗಿನ ಒತ್ತಡಕ್ಕೆ ಬಂಡೆ ಸಿಡಿಯುತ್ತಿತ್ತು. ಆ ನಡುಕ ನೆಲದ ಮೇಲಿನ ಗೋಡೆಗಳಿಗೂ ತಟ್ಟುತ್ತಿತ್ತು. ನೂರಾರು ಅಡಿ ಉದ್ದದ, ಬಿಡುವಿಲ್ಲದ ಸಾಲಿಗೆ ಅಂಥ ನಡುಕ ಬಿಡಿ ಮನೆಗಿಂತ ಹೆಚ್ಚು ಅಪಾಯಕಾರಿ. ಬಿರುಕು ಒಂದು ಮನೆಗೆ ನಿಲ್ಲುವುದಿಲ್ಲ. ಯುರೋಪಿಯನ್ ಅಧಿಕಾರಿಗಳ ಬಂಗಲೆ, ಕ್ಲಬ್ಬುಗಳಿಂದಾಗಿ ಊರಿಗೆ ‘ಲಿಟಲ್ ಇಂಗ್ಲೆಂಡ್’ ಎಂಬ ಹೆಸರು ಬಂದಿತಾದರೂ, ಇಂಗ್ಲೆಂಡಿನ ಕಾರ್ಮಿಕ ಬೀದಿಗೆ ಸಾಟಿಯಾಗಿದ್ದದ್ದು ಬಂಗಲೆಯಲ್ಲ, ಲೈನ್.

ಕಾಫಿ ತೋಟದ ಲೈನ್

ಕೊಡಗಿನಲ್ಲಿ ಯುರೋಪಿಯನ್ ತೋಟಗಾರಿಕೆ 1854ರಲ್ಲಿ ಮಡಿಕೇರಿಯ ಬಳಿ ಫೌಲರ್ ಎಂಬಾತನ ತೋಟದಿಂದ ಶುರುವಾಯಿತು. ಚಿಕ್ಕಮಗಳೂರು, ಮಂಜರಾಬಾದ್ ಕಡೆ ಅದಕ್ಕೂ ಮೊದಲೇ ತೋಟಗಳೆದ್ದಿದ್ದವು. ಮೇಸ್ತ್ರಿ ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ಜನರನ್ನು ಕರೆತರುತ್ತಿದ್ದ. ಅವರು ತಂಗಲು ಲೈನ್ ಬೇಕಾಯಿತು. ಕೊಡಗಿನಲ್ಲಿ ಯರವ, ಪಣಿಯ ಮುಂತಾದ ಆದಿವಾಸಿ ಕುಟುಂಬಗಳೂ ಲೈನ್ ಮನೆ ಸೇರಿದವು. ಇದೇ ಮಾದರಿ ನೀಲಗಿರಿಯಲ್ಲೂ ಸಿಲೋನಿನಲ್ಲೂ ಹರಡಿತ್ತು.

ತೋಟದ ಲೈನ್ ಒಂದಂತಸ್ತಿನದು. ಸಾಲಿನುದ್ದಕ್ಕೂ ಒಂದೇ ಮಾಡು, ಒಂದೇ ಇಳಿಜಾರು. ಪ್ರತಿ ಮನೆಗೆ ಒಂದು ಕೋಣೆ, ಮುಂದೆ ಜಗಲಿ. ಜಗಲಿಯೇ ಇಲ್ಲಿನ ಹೊಸ ಸೇರ್ಪಡೆ. ಬೀದಿಯ ಬಾಗಿಲು ತೆರೆದರೆ ನೇರ ಕೋಣೆ ಸಿಗುವ ಟೆರೇಸಿನಲ್ಲಿ ಅದಿರಲಿಲ್ಲ. ವರ್ಷದ ನಾಲ್ಕಾರು ತಿಂಗಳು ಮಳೆ ಹೊಯ್ಯುವ ಮಲೆನಾಡಿನಲ್ಲಿ ಅಡುಗೆ, ಕಟ್ಟಿಗೆ ಒಟ್ಟುವುದು, ಕಂಬಳಿ ಒಣಗಿಸುವುದು ಎಲ್ಲ ಜಗಲಿಯಲ್ಲೇ. ಹೊಗೆಗೂಡು ಇಲ್ಲ, ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಹೋಗಬೇಕು. ಹಳೆಯ ಕೆಲವು ಲೈನುಗಳಲ್ಲಿ ನಡುಗೋಡೆ ಮಾಡಿನವರೆಗೆ ಏರದೆ ತೊಲೆಯ ಮಟ್ಟದಲ್ಲೇ ನಿಂತಿರುತ್ತದೆ. ಒಬ್ಬರ ಒಲೆಯ ಹೊಗೆ, ಇನ್ನೊಬ್ಬರ ಮಗುವಿನ ಅಳು ಸಾಲಿನ ತುದಿಯವರೆಗೆ ಹೋಗುವುದು ಅಲ್ಲಿಂದಲೇ. ನಡುಗೋಡೆಯ ಮೂಲ ಉದ್ದೇಶವನ್ನೇ ಬಿಟ್ಟುಕೊಟ್ಟ ಉಳಿತಾಯ ಇದು.

ಮಾಡಿನ ಹೊದಿಕೆ ಹುಲ್ಲಿನಿಂದ ಹೆಂಚಿಗೆ ಬದಲಾಯಿತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹೆಂಚು ಘಟ್ಟ ಹತ್ತಿತು. ಇಂಗ್ಲೆಂಡಿನಲ್ಲಿ ವೇಲ್ಸ್ ಸ್ಲೇಟ್ ಮಾಡಿದ್ದನ್ನೇ ಇಲ್ಲಿ ಇದು ಮಾಡಿತು: ಹಗುರ, ಅಳತೆಗೆ ಸರಿ, ಒಡೆದರೆ ಒಂದನ್ನೇ ಬದಲಿಸಬಹುದು.

1951ರ ತೋಟ ಕಾರ್ಮಿಕ ಕಾಯಿದೆ ತೋಟದಲ್ಲಿ ವಾಸಿಸುವ ಕೆಲಸಗಾರರಿಗೆ ವಸತಿ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಲೈನ್ ಮನೆಗೆ ಪ್ರತ್ಯೇಕ ಅಡುಗೆಕೋಣೆ, ಬಚ್ಚಲು ಬರಲು ಇದು ದಾರಿ ಮಾಡಿತು. ಇಂಗ್ಲೆಂಡಿನ 1877ರ ಉಪವಿಧಿಗಳಿಗೂ ಇದಕ್ಕೂ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಅಂತರ.

ರೈಲ್ವೆ ಮತ್ತು ಗಿರಣಿ

1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಲ್ಲಿ ಕಾರ್ಯಾಗಾರ ತೆರೆದು, ಸುತ್ತ ದರ್ಜೆಗೆ ತಕ್ಕ ಕ್ವಾರ್ಟರ್ಸ್ ಕಟ್ಟಿತು. 1887ರಲ್ಲಿ ನೂಲು ತೆಗೆಯಲಾರಂಭಿಸಿದ ಗೋಕಾಕ ಫಾಲ್ಸ್‌ನ ಗಿರಣಿ ಮತ್ತು ಬೆಂಗಳೂರಿನ ಬಿನ್ನಿ ಮಿಲ್ ಸುತ್ತಲೂ ಕಾರ್ಮಿಕ ವಸತಿಗಳು ಬೆಳೆದವು. ಗೋಡೆ ದಪ್ಪ, ಮಾಡು ಗಟ್ಟಿ ಇದ್ದದ್ದರಿಂದ ರೈಲ್ವೆ ಸಾಲುಗಳು ತೋಟದವಕ್ಕಿಂತ ಚೆನ್ನಾಗಿ ಬಾಳಿವೆ.

ರಾಯಚೂರು ಸೀಮೆ

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನ ಚಿನ್ನದ ಕುಳಿಗಳ ಮೇಲೆಯೇ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೈದರಾಬಾದ್ ಡೆಕ್ಕನ್ ಕಂಪನಿ ಶೋಧ ನಡೆಸಿತು. 1920ರ ಹೊತ್ತಿಗೆ ಮುಚ್ಚಿದ ಗಣಿ 1947ರಲ್ಲಿ ಹೊಸ ಕಂಪನಿಯಾಗಿ ಮರುಜೀವ ಪಡೆದು ಈಗಲೂ ನಡೆಯುತ್ತಿದೆ. ಗಣಿಯ ವಸತಿ ಪ್ರದೇಶವನ್ನು ಜನ ಹಟ್ಟಿ ಕ್ಯಾಂಪ್ ಎನ್ನುತ್ತಾರೆ.

ಈ ಭಾಗದ ಹಳ್ಳಿಗಳಲ್ಲಿ ಕಂಪನಿಯ ಹಂಗಿಲ್ಲದೆ ಬೆಳೆದ ಸಾಲೂ ಉಂಟು. ಮಾಳಿಗೆ ಮನೆಗಳು ಒಂದಕ್ಕೊಂದು ಗೋಡೆ ಆನಿಸಿಕೊಂಡು ಓಣಿಯುದ್ದಕ್ಕೂ ನಿಲ್ಲುತ್ತವೆ. ಅಣ್ಣತಮ್ಮಂದಿರು ಪಾಲಾದಾಗ ದೊಡ್ಡ ಮನೆಯ ನಡುವೆ ಗೋಡೆ ಎದ್ದು ಎರಡು ಮನೆಯಾಗುವುದು ಇದರ ಸಾಮಾನ್ಯ ಕಾರಣ. ಜಂತಿಯ ಮೇಲೆ ಕಟ್ಟಿಗೆ ಹಾಸಿ, ಮಣ್ಣು ಹೇರಿ, ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕಿ ಬಡಿಯುತ್ತಾರೆ. ಎಡಬಲ ಕಿಟಕಿಗೆ ಆಸ್ಪದವಿಲ್ಲದ್ದರಿಂದ ಬೆಳಕು ಮಾಳಿಗೆಯ ಬೆಳಕಿಂಡಿಯಿಂದ ಇಳಿಯುತ್ತದೆ. ಮಳೆ ಬಂದರೆ ಅದನ್ನು ಮುಚ್ಚಬೇಕು. ಸುಡುವ ಬೇಸಿಗೆಯ ನಾಡಿನಲ್ಲಿ ನಡುಗೋಡೆಗೆ ಬೆಂಕಿಗಿಂತ ಬಿಸಿಲನ್ನು ತಡೆಯುವುದೇ ಮುಖ್ಯ ಕೆಲಸ, ಏಕೆಂದರೆ ಹಂಚಿಕೊಂಡ ಗೋಡೆಗೆ ಬಿಸಿಲು ತಾಗುವುದಿಲ್ಲ.

ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗಾಗಿ ಸಿಂಧನೂರು ತಾಲ್ಲೂಕಿನಲ್ಲಿ ಎದ್ದ ಆರ್.ಎಚ್. ಕ್ಯಾಂಪುಗಳು ಲೈನಿನ ವಂಶಕ್ಕೆ ಸೇರುವುದಿಲ್ಲ. ಅಲ್ಲಿ ಪುನರ್ವಸತಿಯ ಆಧಾರ ಕೂಲಿಯಲ್ಲ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಜಮೀನು. ಇದಕ್ಕೆ ಎದುರಾದ ಉದಾಹರಣೆ ಸುಳ್ಯ, ಪುತ್ತೂರು ತಾಲ್ಲೂಕುಗಳದು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಮೇರೆಗೆ ಶ್ರೀಲಂಕಾದಿಂದ ಮರಳಿದ ತಮಿಳು ತೋಟ ಕಾರ್ಮಿಕರನ್ನು ಅಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಲಾಯಿತು. ಸಿಲೋನಿನ ಲೈನ್ ಬಿಟ್ಟು ಬಂದವರಿಗೆ ಇಲ್ಲೂ ತೋಟದ ವಸತಿಯೇ ಮನೆಯಾಯಿತು.

ಇಂದಿನ ಸ್ಥಿತಿ

ಇಂಗ್ಲೆಂಡಿನ ಮನೆಗಳಲ್ಲಿ ಇಂದಿಗೂ ಸುಮಾರು ಕಾಲು ಭಾಗ ಟೆರೇಸುಗಳೇ. ಎರಡನೆಯ ಮಹಾಯುದ್ಧದ ನಂತರ ಕೊಳೆಗೇರಿ ನಿರ್ಮೂಲನದ ಹೆಸರಿನಲ್ಲಿ ಲಕ್ಷಗಟ್ಟಲೆ ಉರುಳಿದವು. ಉಳಿದವಕ್ಕೆ ಈಗ ಸಂರಕ್ಷಣೆಯ ಬೆಲೆಯಿದೆ. ಬರ್ಮಿಂಗ್‌ಹ್ಯಾಮಿನ ಕೊನೆಯ ಬೆನ್ನುಸಾಲಿನ ಅಂಗಳವನ್ನು ನ್ಯಾಷನಲ್ ಟ್ರಸ್ಟ್ 2004ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಲಿವರ್‌ಪೂಲ್‌ನ ಗ್ರಾನ್ಬಿ ಬೀದಿಗಳ ಪಾಳು ಟೆರೇಸುಗಳನ್ನು ನಿವಾಸಿಗಳೊಂದಿಗೆ ಸೇರಿ ದುರಸ್ತಿ ಮಾಡಿದ ಅಸೆಂಬಲ್ ತಂಡಕ್ಕೆ 2015ರ ಟರ್ನರ್ ಪ್ರಶಸ್ತಿ ಸಿಕ್ಕಿತು. ನಡುಗೋಡೆಯ ತಕರಾರುಗಳನ್ನು 1996ರ ಪ್ರತ್ಯೇಕ ಕಾಯಿದೆ ನೋಡಿಕೊಳ್ಳುತ್ತದೆ. ಗೋಡೆಗೆ ತೊಲೆ ಸೇರಿಸುವ ಮುನ್ನ ನೆರೆಯವರಿಗೆ ಲಿಖಿತ ನೋಟಿಸು ಕೊಡಬೇಕು.

ಕರ್ನಾಟಕದ ಲೈನುಗಳಿಗೆ ಅಂಥ ಪಟ್ಟಿ, ರಕ್ಷಣೆ ಯಾವುದೂ ದೊರೆತಿಲ್ಲ. ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಕೆಲಸ ಹೋದರೂ ಕುಟುಂಬಗಳು ಲೈನುಗಳಲ್ಲೇ ಉಳಿದವು. ಅನೇಕರು ದಿನವೂ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಜಗಲಿಗೆ ಗೋಡೆ ಎಬ್ಬಿಸಿ ಕೋಣೆ ಮಾಡುವುದು, ಮುಂದಕ್ಕೆ ಶೀಟು ಇಳಿಸುವುದು ಲೈನುಗಳಲ್ಲಿ ಸಾಮಾನ್ಯ.

ಕೊಡಗಿನಲ್ಲಿ ಪ್ರಶ್ನೆ ಇನ್ನೂ ತೀಕ್ಷ್ಣ. ತಲೆಮಾರುಗಳಿಂದ ಲೈನ್ ಮನೆಯಲ್ಲಿದ್ದರೂ ವಾಸದ ಹಕ್ಕಿಗೆ ಕಾಗದವಿಲ್ಲದ ಆದಿವಾಸಿ ಕುಟುಂಬಗಳು ಹಲವು. ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡು 2016ರ ಡಿಸೆಂಬರಿನಲ್ಲಿ ತೆರವುಗೊಂಡವರಲ್ಲಿ ಅನೇಕರು ಲೈನ್ ಮನೆ ಬಿಟ್ಟು ಬಂದವರೇ. ಮುಂದೆ ಅವರಿಗೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಇತ್ತ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಕಟ್ಟಡದ ವ್ಯಾಪಾರಿಗಳು ನಡುಗೋಡೆಯ ಎರಡಂತಸ್ತಿನ ಮನೆಗಳನ್ನು ‘ರೋ ಹೌಸ್’ ಎಂಬ ಹೆಸರಿನಲ್ಲಿ ಮಧ್ಯಮವರ್ಗಕ್ಕೆ ಮಾರುತ್ತಿದ್ದಾರೆ. ಮುಂದೆ ಕಾರು ನಿಲ್ಲಿಸುವ ಜಾಗ, ಹಿಂದೆ ಯುಟಿಲಿಟಿ, ಒಳಗೆ ಮೆಟ್ಟಿಲು. ಖರೀದಿ ಪತ್ರದಲ್ಲಿ ನಡುಗೋಡೆಯನ್ನು ಎರಡೂ ಕಡೆಯವರ ಜಂಟಿ ಆಸ್ತಿಯೆಂದು ನಮೂದಿಸುವುದು ವಾಡಿಕೆ.